ಹೊಗೆನಕಲ್ಲಿನ ದಡದಲ್ಲಿ ಪಥ್ಯ

ಮದುವೆಯಾದ ಎರಡನೆಯ ವರ್ಷ ನನ್ನ ಎರಡೂ ಕೈಗಳ ಬೆರಳು ಒಡೆಯತೊಡಗಿದವು. ಮೊದಲು ತುರಿಕೆ, ಆಮೇಲೆ ಸಣ್ಣ ಗುಳ್ಳೆ, ಆಮೇಲೆ ಬಿರುಕು. ನೂಲಿನ ಸೀರೆ ನೇಯುವವನಾಗಿದ್ದರೆ ಹೇಗೋ ಸಾಗುತ್ತಿತ್ತು. ಸೇಲಂನ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ನಾನು ನೇಯುತ್ತಿದ್ದುದು ರೇಷ್ಮೆ ಪಂಚೆ. ಒರಟು ಬೆರಳು ಮುಟ್ಟಿದ ಕಡೆ ರೇಷ್ಮೆಯ ಎಳೆ ಸಿಕ್ಕಿಕೊಂಡು ಬರುತ್ತದೆ, ಅರ್ಧ ದಿನದ ಕೆಲಸ ಹಾಳಾಗುತ್ತದೆ. ಹಾಗೆ ಮೂರು ಸಲ ಹಾಳು ಮಾಡಿದ ಮೇಲೆ ಮಗ್ಗದ ಗುಂಡಿಯಿಂದ ಎದ್ದು ಬಂದು ವೈದ್ಯರ ಮುಂದೆ ಕೂತೆ.

ವೈದ್ಯರು ಕೈ ತಿರುಗಿಸಿ ಮುರುಗಿಸಿ ನೋಡಿ, ಹಚ್ಚಿಕೊಳ್ಳಲು ಒಂದು ಎಣ್ಣೆ ಕೊಟ್ಟರು. ನುಂಗಲು ಒಂದು ಚೂರ್ಣ ಕೊಟ್ಟರು. ಅಲ್ಲಿಗೆ ಮುಗಿಯಿತೆಂದು ಏಳಲು ಹೋದರೆ, ಕೂತುಕೋ ಎಂದರು. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಪಥ್ಯ ಮಾಡಬೇಕು. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ಒಗ್ಗರಣೆಯಿಲ್ಲ, ಬೆಲ್ಲವಿಲ್ಲ, ಮಜ್ಜಿಗೆಯಿಲ್ಲ, ಬದನೆಕಾಯಿಯಿಲ್ಲ. ಮೀನು ಮಾಂಸದ ಮಾತೇ ಇಲ್ಲ. ಗಿರಣಿಯ ಮಿಷನ್ ಅಕ್ಕಿ ಮನೆಯೊಳಗೇ ಬರಬಾರದು. ಒನಕೆಯಲ್ಲಿ ಕುಟ್ಟಿದ, ತೌಡು ಹೋಗದ ಕೆಂಪಕ್ಕಿ, ಸಾಮೆ, ರಾಗಿ, ಸಿಪ್ಪೆಯ ಸಮೇತ ಹೆಸರುಕಾಳು, ಸೊಪ್ಪು, ತೆಂಗಿನಕಾಯಿ, ಬಾಳೆಹಣ್ಣು. ಇಷ್ಟೇ.

“ಭೂಮಿ ಕೊಟ್ಟಿದ್ದರಿಂದ ಏನೂ ತೆಗೀಬೇಡ, ಏನೂ ಸೇರಿಸಬೇಡ” ಎಂದರು. ಕೇಳುವುದಕ್ಕೆ ಚೆನ್ನಾಗಿತ್ತು. ತಿನ್ನಬೇಕಾದವನು ನಾನು.

ನನ್ನ ಹೆಂಡತಿ ಆ ಪಟ್ಟಿಯನ್ನು ಒಂದೇ ಸಲ ಕೇಳಿ ಬಾಯಿಪಾಠ ಮಾಡಿಕೊಂಡಳು. ಅವಳು ನನ್ನ ಸ್ವಂತ ಅಕ್ಕನ ಮಗಳು. ನಮ್ಮಲ್ಲಿ ಅಕ್ಕನ ಮಗಳನ್ನು ತರುವುದು ವಾಡಿಕೆ. ಹುಟ್ಟಿದಾಗಿನಿಂದ ನನ್ನನ್ನು ಮಾವ ಎಂದು ಕರೆಯುತ್ತಿದ್ದವಳು ಮದುವೆಯಾದ ಮೇಲೂ ಹಾಗೇ ಕರೆಯುತ್ತಿದ್ದಳು. ಹದಿನೆಂಟು ವರ್ಷದ ಹುಡುಗಿ, ನೋಡಲು ಮೆತ್ತಗೆ. ಪಥ್ಯದ ವಿಷಯದಲ್ಲಿ ಮಾತ್ರ ಪೊಲೀಸಿನವನಿಗಿಂತ ಕಷ್ಟ. ನನ್ನ ಮಡಕೆ ಬೇರೆ, ಸೌಟು ಬೇರೆ, ಹುಣಸೆಹಣ್ಣು ಮುಟ್ಟಿದ ಕೈಯಲ್ಲಿ ನನ್ನ ತಟ್ಟೆ ಮುಟ್ಟುತ್ತಿರಲಿಲ್ಲ. ನಾನು ಬೀದಿಯ ತುದಿಯವರೆಗೆ ಹೋಗಿ ಬಂದರೂ ಬಾಯಿ ಮೂಸಿ ನೋಡುವಳೇನೋ ಅನ್ನುವ ಹಾಗೆ ಹತ್ತಿರ ಬಂದು ನಿಲ್ಲುತ್ತಿದ್ದಳು.

ಹದಿನೈದನೆಯ ದಿನ ಮಾರಂಡಹಳ್ಳಿಯಿಂದ ಅಕ್ಕ ಬಂದಳು. ನನಗಿಂತ ಹದಿನಾರು ವರ್ಷ ದೊಡ್ಡವಳು. ಅವ್ವ ಸತ್ತಾಗ ನನಗೆ ಮೂರು ವರ್ಷ, ಅಕ್ಕನೇ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು. ನೇಯುವ ಮನೆಯಲ್ಲೇ ಹುಟ್ಟಿದ ಭಾವ ಮಗ್ಗ ಬಿಟ್ಟು ಹೊಲ ಹಿಡಿದಿದ್ದರಿಂದ ಅವಳು ಆ ಊರು ಸೇರಿದ್ದಳು. ಹೊಸ್ತಿಲು ದಾಟುವ ಮೊದಲೇ ನನ್ನ ಮುಖ ನೋಡಿ ನಿಂತುಬಿಟ್ಟಳು.

“ಏನೋ ತಮ್ಮಾ ಇದು, ಕೆನ್ನೆ ಎಲ್ಲೋಯ್ತು? ಅನ್ನ ಆಕ್ತಾಳೋ ಇಲ್ವೋ ನನ್ ಮಗ್ಳು?”

“ಆಕ್ತಾಳೆ ಅಕ್ಕ. ಉಪ್ಪಾಕಲ್ಲ.”

ಅಕ್ಕ ನಂಬಲಿಲ್ಲ. ನನ್ನ ತಟ್ಟೆಯಿಂದ ಒಂದು ತುತ್ತು ಬಾಯಿಗಿಟ್ಟುಕೊಂಡಳು, ಹೊರಗೆ ಹೋಗಿ ಉಗುಳಿ ಬಂದಳು. ಆಮೇಲೆ ತಾನೇ ತೀರ್ಮಾನ ಮಾಡಿದಳು. ಚರ್ಮದ ರೋಗಕ್ಕೆ ಹೊಗೆನಕಲ್ಲಿನ ನೀರಿನಂಥ ಔಷಧಿ ಇಲ್ಲ. ಎಣ್ಣೆ ಹಚ್ಚಿಕೊಂಡು ಐದು ದಿನ ಆ ಜಲಪಾತದ ಧಾರೆಯ ಕೆಳಗೆ ನಿಂತರೆ ಹಾವಿನ ಪೊರೆಯ ಹಾಗೆ ಕಜ್ಜಿ ಕಳಚಿ ಬೀಳುತ್ತದೆ. ಭಾವನ ಗಾಡಿ ಇದೆ, ಎತ್ತು ಇವೆ, ಬಿತ್ತನೆಗೆ ಇನ್ನೂ ದಿನವಿದೆ, ಎಲ್ಲರೂ ಹೋಗೋಣ.

“ಪಥ್ಯ?” ಎಂದಳು ನನ್ನ ಹೆಂಡತಿ.

“ಅದ್ನೂ ಗಾಡೀಲಿ ಆಕ್ಕೊಂಡ್ ಬಾ” ಎಂದಳು ಅಕ್ಕ.

ಹಾಗೆಯೇ ಆಯಿತು. ಸೇಲಂನಿಂದ ಮೊರಪ್ಪೂರಿಗೆ ದೊಡ್ಡ ರೈಲು, ಅಲ್ಲಿಂದ ಮಾರಂಡಹಳ್ಳಿಗೆ ಸಣ್ಣ ರೈಲು. ಆ ಸಣ್ಣ ರೈಲು ಎಷ್ಟು ನಿಧಾನವೆಂದರೆ, ಪ್ರತಿ ಸ್ಟೇಷನ್ನಿನಲ್ಲೂ ಒಬ್ಬೊಬ್ಬ ಗುರುತಿನವನು ಹತ್ತಿ, ನಾನು ಬಾಳೆಹಣ್ಣು ಮಾತ್ರ ತಿನ್ನುತ್ತಿರುವುದೇಕೆ ಎಂದು ಕೇಳಿ, ಪೂರ್ತಿ ಕಥೆ ಕೇಳಿಸಿಕೊಂಡು, ತನಗೆ ತಿಳಿದ ಬೇರೊಂದು ಔಷಧಿ ಹೇಳಿ ಇಳಿಯುವಷ್ಟು ಹೊತ್ತು ಸಿಗುತ್ತಿತ್ತು. ಒಬ್ಬ ಬೇವು ಎಂದ, ಒಬ್ಬ ಗೋಮೂತ್ರ ಎಂದ. ಒಬ್ಬ ಮೊಲದ ರಕ್ತ ಎಂದು ಹೇಳಿ, ನನ್ನ ಹೆಂಡತಿಯ ಮುಖ ನೋಡಿ ಸುಮ್ಮನಾದ.

ಮಾರಂಡಹಳ್ಳಿಯಿಂದ ಗಾಡಿ. ಎರಡು ದಿನದ ದಾರಿ, ಪೆನ್ನಾಗರ ದಾಟಿ ಘಟ್ಟ ಇಳಿಯಬೇಕು. ಗಾಡಿಯಲ್ಲಿ ಒಂದು ಕಡೆ ಅಕ್ಕನ ಸಾಮಾನು: ಉಪ್ಪಿನಕಾಯಿ ಜಾಡಿ, ಖಾರದ ಪುಡಿ, ಹುಣಸೆಹಣ್ಣಿನ ಉಂಡೆ, ಹುರಿಗಡಲೆ, ಎಣ್ಣೆ. ಇನ್ನೊಂದು ಕಡೆ ನನ್ನದು: ಕುಟ್ಟಿದ ಅಕ್ಕಿ, ಸಾಮೆ, ಹೆಸರುಕಾಳು, ಹತ್ತು ತೆಂಗಿನಕಾಯಿ, ಒಂದು ಬಾಳೆಗೊನೆ. ನಡುವೆ ನನ್ನ ಹೆಂಡತಿ ಗಡಿಕಲ್ಲಿನ ಹಾಗೆ ಕೂತಿದ್ದಳು. ಬಿಸಿಲಿಗೆ ಗೊನೆಯೆಲ್ಲ ಒಟ್ಟಿಗೆ ಹಣ್ಣಾಯಿತು. ಕೊಳೆಯುವ ಮೊದಲು ತಿಂದು ಮುಗಿಸಬೇಕಾದವನು ನಾನೊಬ್ಬನೇ. ಎರಡು ದಿನ ಎಷ್ಟು ಬಾಳೆಹಣ್ಣು ತಿಂದೆನೆಂದರೆ, ಇವತ್ತಿಗೂ ಆ ವಾಸನೆ ಬಂದರೆ ಮುಖ ತಿರುಗಿಸುತ್ತೇನೆ.

ನದಿಯ ದಡದಲ್ಲಿ ದೊಡ್ಡ ಮತ್ತಿಮರಗಳ ಕೆಳಗೆ ಗಾಡಿ ಬಿಟ್ಟೆವು. ಗಾಡಿಯ ನೊಗದಿಂದ ಎರಡು ಬಿದಿರು ಗಳುಗಳಿಗೆ ಟಾರ್ಪಾಲು ಕಟ್ಟಿ ಭಾವ ಒಂದು ಡೇರೆ ಮಾಡಿದ. ಆ ವರ್ಷ ಜನ ಹೆಚ್ಚಿರಲಿಲ್ಲ. ನಮ್ಮ ಪಕ್ಕದ ಮರದ ಕೆಳಗೆ ಕಂಬೈನಲ್ಲೂರಿನ ಕಡೆಯ ಒಬ್ಬ ಮುದುಕ, ಮಗ ಸೊಸೆಯ ಜೊತೆ ಬಂದು ಇಳಿದಿದ್ದ. ಮುದುಕನಿಗೆ ಮಂಡಿನೋವು. ಬೆಳಿಗ್ಗೆ ಎಣ್ಣೆ ತಿಕ್ಕಿಸಿಕೊಂಡು ಧಾರೆಗೆ ಹೋಗುತ್ತಿದ್ದ, ಉಳಿದ ಹೊತ್ತು ನಮ್ಮ ಒಲೆಯ ಹತ್ತಿರ ಕೂತಿರುತ್ತಿದ್ದ.

ಒಲೆ ಎರಡು. ಮೂರು ಕಲ್ಲಿನದೊಂದು ಎಲ್ಲರಿಗೆ, ಹತ್ತು ಹೆಜ್ಜೆ ದೂರದಲ್ಲಿ ಮೂರು ಕಲ್ಲಿನದೊಂದು ನನಗೆ. ಗಾಳಿ ಯಾವಾಗಲೂ ಆ ಒಲೆಯಿಂದ ಈ ಒಲೆಗೆ ಬೀಸುತ್ತಿತ್ತು. ಭಾವ ಬೆಳಗಾಗೆದ್ದು ಬಂಡೆಯ ಮೇಲೆ ಕೂತು ಗಾಳ ಹಾಕಿ ಗೆಂಡೆ ಮೀನು ತರುತ್ತಿದ್ದ. ಅಕ್ಕ ಅದಕ್ಕೆ ಖಾರ ಹುಳಿ ಅರೆದು ಕುದಿಸುತ್ತಿದ್ದಳು. ಮನೆಯಲ್ಲಾದರೆ ಬಾಗಿಲು ಮುಚ್ಚಿಕೊಳ್ಳಬಹುದು, ಎದ್ದು ಬೀದಿಗೆ ಹೋಗಬಹುದು. ಕಾಡಿನಲ್ಲಿ ಎಲ್ಲಿಗೆ ಹೋಗುವುದು? ಧಾರೆಯಲ್ಲಿ ನೆನೆದು, ಬಂಡೆ ಹತ್ತಿ ಇಳಿದು ಬಂದ ಮೇಲೆ ಹೊಟ್ಟೆ ಬೆಂಕಿಯ ಹಾಗೆ ಉರಿಯುತ್ತದೆ. ಆಗ ಮುತ್ತುಗದೆಲೆಯ ಮೇಲೆ ಬೆಂದ ಸಾಮೆ, ಅದರ ಮೇಲೆ ಬೆಂದ ಸೊಪ್ಪು, ಪಕ್ಕದಲ್ಲಿ ತೆಂಗಿನಕಾಯಿ ಚೂರು. ಒದ್ದೆ ಮರಳನ್ನು ತಿನ್ನುತ್ತಿದ್ದೇನೆ ಅನ್ನಿಸುತ್ತಿತ್ತು.

“ಮೀನು ಮಾಂಸ ಅಲ್ಲಪ್ಪ, ಅದು ನೀರ್ನಲ್ಲಿ ಬೆಳ್ಯೋ ತರಕಾರಿ” ಎಂದ ಭಾವ.

“ಸುಮ್ನೆ ತಿನ್ನಿ ಅಪ್ಪ” ಎಂದಳು ಅವನ ಮಗಳು.

ಎರಡನೆಯ ದಿನ ಸಂಜೆ ನಾನು ಎಲೆಯನ್ನು ಹಾಗೇ ಬಿಟ್ಟು ಎದ್ದೆ. ಅವಳ ಮೇಲೆ ಕೂಗಾಡಿದೆ. ಸೊಪ್ಪು ಬೇಯಿಸಲು ಬರುವುದಿಲ್ಲ, ಹೊಗೆ ಹಿಡಿಸಿದ್ದೀಯ, ಸಾಮೆಯಲ್ಲಿ ಕಲ್ಲು ಇದೆ ಎಂದೆಲ್ಲ ಅಂದೆ. ಹೊಗೆ ಹಿಡಿದದ್ದು ನಿಜ, ಹಸಿ ಸೌದೆ ತಂದವನು ನಾನೇ. ಅವಳು ಎಲೆ ಎತ್ತಿ ಎತ್ತಿಗೆ ಹಾಕಿದಳು. ಎತ್ತು ಕೂಡ ಮೂಸಿ ನೋಡಿ ತಡವಾಗಿ ತಿಂದಿತು.

ಮೂರನೆಯ ದಿನ ಬೆಳಿಗ್ಗೆ ಅವಳು ಹೊರಗಾದಳು. ಚಾಪೆ ತೆಗೆದುಕೊಂಡು ಬೇರೆ ಮರದ ಕೆಳಗೆ ಕೂತಳು. ಆಗಿನ ಕಾಲದಲ್ಲಿ ಮೂರು ದಿನ ಒಲೆ ಮುಟ್ಟುವ ಹಾಗಿಲ್ಲ. ಕೂತಲ್ಲಿಂದಲೇ ತನ್ನ ಅವ್ವನಿಗೆ ಪಟ್ಟಿ ಒಪ್ಪಿಸಿದಳು, ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ಅಕ್ಕ ಹೂಂ ಹೂಂ ಎನ್ನುತ್ತ ಎರಡು ಒಲೆಯನ್ನೂ ಹಚ್ಚಿದಳು.

ಆ ಮಧ್ಯಾಹ್ನದ ಊಟದಲ್ಲಿ ಏನೋ ಬದಲಾಗಿತ್ತು. ಅದೇ ಸಾಮೆ, ಅದೇ ಸೊಪ್ಪು. ಆದರೆ ತುತ್ತು ತಾನಾಗಿ ಇಳಿಯಿತು. ಸೊಪ್ಪಿಗೆ ಸೊಪ್ಪಿನ ರುಚಿ, ಹೆಸರುಕಾಳಿಗೆ ಕಾಳಿನ ರುಚಿ. ನಾನು ಎರಡನೆಯ ಸಲ ಬಡಿಸಿಕೊಂಡೆ. ರಾತ್ರಿಯೂ ಹಾಗೇ ಆಯಿತು. ಮರುದಿನ ಕೂಡ. ನನಗೆ ಅರ್ಥವಾಯಿತು, ಅಂದರೆ ಅರ್ಥವಾಯಿತು ಎಂದುಕೊಂಡೆ. ಇಪ್ಪತ್ತೆರಡು ದಿನದ ಕಟ್ಟುನಿಟ್ಟಿನಿಂದ ನನ್ನ ನಾಲಿಗೆ ಕೊನೆಗೂ ತಿದ್ದಿಕೊಂಡಿದೆ. ಉಪ್ಪು ಹುಳಿ ಖಾರ ಎಂಬ ಮುಸುಕು ಸರಿದು, ಧಾನ್ಯದ ನಿಜವಾದ ರುಚಿ ನನಗೆ ಸಿಗುತ್ತಿದೆ. ವೈದ್ಯರು ಹೇಳಿದ್ದರ ಒಳಗುಟ್ಟು ಇದೇ.

ಸುಮ್ಮನಿದ್ದರೆ ಆಗುತ್ತಿತ್ತು. ನಾನು ಉಪದೇಶ ಶುರು ಮಾಡಿದೆ. ಭಾವ ಮೀನು ತಿನ್ನುತ್ತಿರುವಾಗ ಅವನ ಎದುರು ಕೂತು, ಖಾರವೆಂಬುದು ನಾಲಿಗೆಗೆ ನಾವೇ ಹಾಕಿದ ಬೇಡಿ ಎಂದೆ. ಭಾವ ಮುಳ್ಳು ತೆಗೆಯುತ್ತ ತಲೆಯಾಡಿಸಿದ. ಮರದ ಕೆಳಗೆ ಕೂತಿದ್ದ ಹೆಂಡತಿಗೆ ದೂರದಿಂದಲೇ, “ನೋಡಿದ್ಯಾ, ಈಗ ನಂಗೆ ಏನೂ ಬೇಕು ಅನ್ಸಲ್ಲ” ಎಂದೆ. ಅವಳ ಮುಖ ಅರಳಿತು. ಅಷ್ಟು ದಿನದ ಕಷ್ಟಕ್ಕೆ ಫಲ ಬಂತು ಎಂದುಕೊಂಡಿರಬೇಕು. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ನನ್ನ ಉಪದೇಶವನ್ನು ಮನಸ್ಸಿಟ್ಟು ಕೇಳಿದವನು ಕಂಬೈನಲ್ಲೂರಿನ ಮುದುಕ ಒಬ್ಬನೇ. ಮಂಡಿಗೂ ಇದು ಆಗುತ್ತದೆಯೇ ಎಂದು ಕೇಳಿದ. ಮಂಡಿಗೆ ಇನ್ನೂ ಚೆನ್ನಾಗಿ ಆಗುತ್ತದೆ ಎಂದೆ. ಯಾವ ಆಧಾರದ ಮೇಲೆ ಹಾಗೆ ಹೇಳಿದೆನೋ ತಿಳಿಯದು. ಅವತ್ತು ಸಂಜೆಯೇ ಅವನು ಸೊಸೆಗೆ ಉಪ್ಪು ನಿಲ್ಲಿಸೆಂದ. ಮರುದಿನ ಬಂದು, ತನ್ನ ತಮಿಳು ಬೆರೆತ ಕನ್ನಡದಲ್ಲಿ, “ಎನ್ನಪ್ಪಾ, ವಾಯಿಗೇ ಏನೂ ಸೇರಲ್ಲಾ” ಎಂದ. ಮೊದಲು ಹಾಗೇ ಇರುತ್ತದೆ, ತಾಳಬೇಕು ಎಂದೆ. ಪಾಪ, ಹಲ್ಲಿಲ್ಲದ ಬಾಯಿಯಲ್ಲಿ ಸಪ್ಪೆ ರಾಗಿ ಗಂಜಿ ಕುಡಿದುಕೊಂಡು ತಾಳಿದ.

ಆರನೆಯ ದಿನ ನನ್ನ ಹೆಂಡತಿ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಂದು ನನ್ನ ಒಲೆ ಹಚ್ಚಿದಳು. ಸಂತೋಷದಿಂದ ಹಚ್ಚಿದಳು. ಕೆಂಪಕ್ಕಿ ಅನ್ನ, ಗಣಿಕೆ ಸೊಪ್ಪು. ನಾನು ಹಸಿದು ಕೂತು ದೊಡ್ಡ ತುತ್ತೇ ತೆಗೆದುಕೊಂಡೆ. ಒದ್ದೆ ಮರಳು.

“ಏನ್ ಮಾಡ್ದೆ ಇದ್ಕೆ?” ಎಂದೆ.

“ಏನೂ ಮಾಡಿಲ್ಲ ಮಾವ. ಯಾವಾಗ್ಲೂ ಮಾಡೋ ಅಂಗೇ ಮಾಡಿವ್ನಿ.”

“ಮೂರ್ ದಿನ ಅಕ್ಕ ಮಾಡಿದ್ದು ಎಂಗಿತ್ತು ಗೊತ್ತಾ? ಅದೇ ಸೊಪ್ಪು, ಅದೇ ಮಡ್ಕೆ. ಕೈಗುಣ ಅನ್ನೋದು ಒಂದೈತೆ. ನಿನ್ ಅವ್ವನ್ ಅತ್ರ ಕಲ್ತ್ಕೋ.”

ಅವಳು ನನ್ನ ಎಲೆಯಿಂದ ಒಂದು ಅಗುಳು ಬಾಯಿಗೆ ಹಾಕಿಕೊಂಡಳು. ಆಮೇಲೆ ಎದ್ದು ಹೋಗಿ, ಅಕ್ಕ ಹಿಂದಿನ ದಿನ ನನಗೆಂದು ಬೇಯಿಸಿ ಉಳಿದಿದ್ದ ಹೆಸರುಕಾಳಿನ ಮಡಕೆಯ ತಳದಲ್ಲಿ ಬೆರಳಾಡಿಸಿ ನೆಕ್ಕಿದಳು. ಅಲ್ಲೇ ನಿಂತಳು.

“ಅವ್ವ” ಎಂದು ಕರೆದಳು. ಅಕ್ಕ ತಲೆ ಎತ್ತಲಿಲ್ಲ, ಮೀನು ಉಜ್ಜುತ್ತಲೇ ಇದ್ದಳು. “ಅವ್ವ, ಇದ್ಕೆ ಉಪ್ಪಾಕಿದ್ಯಾ?”

“ಒಂಚೂರು.”

“ಮೂರ್ ದಿನವೂ ಆಕಿದ್ಯಾ?”

“ಒಂಚೂರೇ ಆಕ್ದೆ ಕಣೆ. ಉಣಸೆಹಣ್ಣು ಒಂದೇ ಒಂದ್ ಕಿತ ತೊಳ್ದ್ ನೀರ್ ಬಿಟ್ಟೆ. ಅವ್ನು ಎಲೆ ಮುಂದೆ ಕೂತ್ಕೊಳ್ಳೋದ್ ನೋಡಕ್ಕಾಗ್ಲಿಲ್ಲ ನಂಗೆ. ಅವ್ವಿಲ್ದ ಮಗು ಅಂತ ಬಾಯಿಗ್ ತುತ್ತಿಕ್ಕಿ ಸಾಕಿವ್ನಿ, ಈಗ ಮಣ್ ತಿನ್ನುಸ್ಲಾ?”

ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಅಕ್ಕನ ಮೇಲೆ ಬಂತು, ಉಪ್ಪು ಹಾಕಿದ್ದಕ್ಕೆ. ಹೆಂಡತಿಯ ಮೇಲೆ ಬಂತು, ಕಂಡುಹಿಡಿದದ್ದಕ್ಕೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ನಾಲಿಗೆಯ ಮೇಲೆ ಬಂತು. ನಿಜವಾದ ರುಚಿ ಎಂದು ನಾನು ಕೊಂಡಾಡಿದ್ದೆಲ್ಲ ಒಂದು ಚಿಟಿಕೆ ಕಲ್ಲುಪ್ಪು. ನನ್ನ ಹೆಂಡತಿ ಕೂಗಾಡಲಿಲ್ಲ. “ಇಪ್ಪತ್ತೆರಡ್ ದಿನ ಕಾದೆ ಅವ್ವ” ಎಂದಳು, ಅಷ್ಟೇ. ಆಮೇಲೆ ಅವ್ವನ ಜೊತೆ ಮಾತು ನಿಲ್ಲಿಸಿದಳು. ನನ್ನ ಜೊತೆಯೂ ನಿಲ್ಲಿಸಿದಳು, ಕೈಗುಣದ ಮಾತಿಗೆ.

ಮಧ್ಯಾಹ್ನ ಹೊರಟುಬಿಡೋಣ ಎಂದುಕೊಂಡೆವು. ಅಷ್ಟರಲ್ಲಿ ಮಳೆ ಬಂತು. ಮೇಲೆ ಎಲ್ಲೋ ಎರಡು ದಿನದಿಂದ ಹೊಯ್ಯುತ್ತಿತ್ತಂತೆ, ನಮಗೆ ಗೊತ್ತಿರಲಿಲ್ಲ. ನದಿ ಕೆಂಪಗಾಗಿ ಏರತೊಡಗಿತು. ಹರಿಗೋಲಿನವರು ಬಂದು ದಡ ಬಿಟ್ಟು ಮೇಲಕ್ಕೆ ಹೋಗಿ ಎಂದರು. ಒಲೆಯ ಕಲ್ಲನ್ನು ಬಿಟ್ಟು ಉಳಿದದ್ದನ್ನೆಲ್ಲ ಎತ್ತಿಕೊಂಡು ದಿಬ್ಬ ಹತ್ತಿದೆವು. ಕಂಬೈನಲ್ಲೂರಿನವರೂ ನಮ್ಮ ಜೊತೆ ಬಂದರು. ಘಟ್ಟದ ದಾರಿಯನ್ನು ಒಂದು ಹಳ್ಳ ಕೊರೆದುಕೊಂಡು ಹೋಗಿದೆ, ಗಾಡಿ ಹತ್ತುವುದಿಲ್ಲ ಎಂದು ಸುದ್ದಿ ಬಂತು.

ಒಂದು ಟಾರ್ಪಾಲಿನ ಕೆಳಗೆ ಏಳು ಜನ. ಅದರಲ್ಲಿ ಮೂವರಿಗೆ ಮಾತಿಲ್ಲ. ಅಕ್ಕ ಒಂದು ಮೂಲೆ, ಮಗಳು ಒಂದು ಮೂಲೆ, ನಾನು ಗಾಡಿಯ ಚಕ್ರಕ್ಕೆ ಒರಗಿಕೊಂಡು. ಭಾವನಿಗೆ ಇದೊಂದೂ ತಟ್ಟಲಿಲ್ಲ. ಪ್ರವಾಹದಲ್ಲಿ ಮೀನು ದಡಕ್ಕೆ ಬರುತ್ತದೆಂದು ಗೋಣಿಚೀಲ ಹೊದ್ದು ಗಾಳ ಹಿಡಿದು ಹೋದ. ಮಳೆಯ ತಂಪಿಗೆ ಮೀನಿನ ಸಾರು ಇನ್ನೂ ಹೆಚ್ಚಾಗಿ ವಾಸನೆ ಬರುತ್ತದೆ ಎಂಬುದನ್ನು ನಾನು ಅಲ್ಲಿ ಕಲಿತೆ.

ಆಗ ಮುದುಕ ನನ್ನ ಹತ್ತಿರ ಸರಿದು ಕೂತ. “ತಂಬೀ, ಮೂರ್ ದಿನ ಆಯ್ತು. ರುಚಿ ಯಾವಾಗ್ ಬತ್ತದೆ?” ಎಂದು ಕೇಳಿದ. ಗೇಲಿ ಮಾಡುತ್ತಿರಲಿಲ್ಲ, ನಂಬಿಕೆಯಿಂದಲೇ ಕೇಳಿದ್ದ. ಸುಳ್ಳು ಹೇಳಬಹುದಿತ್ತು. ನನ್ನ ಹೆಂಡತಿ ಮೂಲೆಯಿಂದ ನೋಡುತ್ತಿದ್ದಳು. ಹೇಳಿಬಿಟ್ಟೆ. ನನ್ನ ಊಟಕ್ಕೆ ಉಪ್ಪು ಬೀಳುತ್ತಿತ್ತು, ನನಗೆ ತಿಳಿದಿರಲಿಲ್ಲ, ಬರುವುದಿಲ್ಲ ಆ ರುಚಿ ಎಂದೆ.

ಮುದುಕ ಮಂಡಿಯ ಮೇಲೆ ಕೈಯೂರಿ ಎದ್ದು, ನೇರವಾಗಿ ಅಕ್ಕನ ಒಲೆಯ ಹತ್ತಿರ ಹೋಗಿ ಕೂತ. “ಅಮ್ಮಾ, ಆ ಮೀನ್ ಕೊಳಂಬು ಒಂದ್ ಸೌಟು ಆಕು” ಎಂದ. ಎರಡು ಸೌಟು ಹಾಕಿಸಿಕೊಂಡು ಉಂಡ. ನನ್ನ ಕಡೆ ತಿರುಗಿ, “ಹಲ್ಲಿಲ್ದೋನ್ ಬಾಯ್ನ ಮೂರ್ ದಿನ ಕೆಡ್ಸ್ಬುಟ್ಯಲ್ಲಪ್ಪಾ” ಎಂದು ಹೇಳಿ, ಆಮೇಲೆ ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಐದು ದಿನಕ್ಕೆಂದು ತಂದ ನನ್ನ ಸಾಮಾನು ಎಂಟನೆಯ ದಿನ ಮುಗಿಯಿತು. ಅಕ್ಕನ ಬಳಿ ಮಿಷನ್ ಅಕ್ಕಿ ಇತ್ತು, ಖಾರದ ಪುಡಿ ಇತ್ತು, ಮೀನು ಇತ್ತು. ಹೇಗೂ ಪಥ್ಯ ಮುರಿದಿದೆ, ಇನ್ನು ಯಾತಕ್ಕೆ ಈ ಹಟ ಎಂದು ನಾನು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ಮಳೆಯಲ್ಲೇ ಎದ್ದು ಹೊರಗೆ ಹೋದಳು. ದಿಬ್ಬದ ಹಿಂದೆ ಸೊಪ್ಪು ಕುಯ್ದು ಸೆರಗಿನಲ್ಲಿ ತಂದಳು. ಮುದುಕನ ಸೊಸೆಯ ಹತ್ತಿರ ರಾಗಿಹಿಟ್ಟು ಕೇಳಿ ಪಡೆದಳು. ಒದ್ದೆ ಸೌದೆಯನ್ನು ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಮುದ್ದೆ ಮಾಡಿದಳು. ಎಲೆಯ ಮೇಲೆ ಇಟ್ಟು ನನ್ನ ಮುಂದೆ ತಳ್ಳಿ, ಎರಡು ದಿನದ ಮೇಲೆ ಮೊದಲ ಮಾತು ಆಡಿದಳು.

“ಇವತ್ತು ಒಂದ್ನೇ ದಿನ.”

ಅಂದರೆ ನಲವತ್ತೆಂಟನ್ನೂ ಮೊದಲಿನಿಂದ ಎಣಿಸಬೇಕು. ನಾನು ವಾದ ಮಾಡಲು ಬಾಯಿ ತೆರೆದೆ. ಅವಳ ಕಣ್ಣು ನೋಡಿ ಮುದ್ದೆ ಮುರಿದೆ. ಸಪ್ಪೆ ಮುದ್ದೆ ಗಂಟಲಿನಲ್ಲಿ ಇಳಿಯುವಾಗ, ಅವಳಿಗೆ ನನ್ನ ಕೈ ವಾಸಿಯಾಗಬೇಕೆಂಬುದು ನನಗಿಂತಲೂ ಹೆಚ್ಚಾಗಿದೆ ಅನ್ನಿಸಿತು. ಹಾಗೆ ಅನ್ನಿಸಿದ್ದರಿಂದ ಮುದ್ದೆಯೇನೂ ರುಚಿಯಾಗಲಿಲ್ಲ.

ಹತ್ತನೆಯ ದಿನ ದಾರಿ ತೆರೆಯಿತು. ಊರಿಗೆ ಬಂದು ವೈದ್ಯರಿಗೆ ಎಲ್ಲವನ್ನೂ ಹೇಳಿದೆ. ಅವರಾದರೂ ಮಾಫಿ ಕೊಟ್ಟಾರು ಎಂಬ ಆಸೆಯಿತ್ತು. ಅವರು ನನ್ನ ಮಾತನ್ನು ಅರ್ಧ ಕೇಳಿ, ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿಯನ್ನು ನೋಡಿ, “ಈ ಅಮ್ಮ ಹೇಳಿದ್ದೇ ಸರಿ” ಎಂದರು.

ಎರಡನೆಯ ಮಂಡಲದ ಮೂವತ್ತನೆಯ ದಿನದ ಹೊತ್ತಿಗೆ ಬಿರುಕೆಲ್ಲ ಮುಚ್ಚಿ ಹೊಸ ಚರ್ಮ ಬಂತು. ನದಿಯ ನೀರಿನಿಂದ ಎಂದು ಅಕ್ಕ ಹೇಳಿಕಳಿಸಿದಳು. ಪಥ್ಯದಿಂದ ಎಂದಳು ಹೆಂಡತಿ. ಚೂರ್ಣದಿಂದ ಎಂದರು ವೈದ್ಯರು. ಎರಡು ತಿಂಗಳು ಬಣ್ಣ ಹಾಕಿದ ನೂಲು ಮುಟ್ಟದೆ ಇದ್ದದ್ದರಿಂದ ಎಂದ ಎದುರುಮನೆಯ ನೇಕಾರ. ನನಗೆ ಇವತ್ತಿಗೂ ಗೊತ್ತಿಲ್ಲ. ವಾಸಿಯಾದದ್ದು ನಿಜ.

ಪಥ್ಯ ಮುಗಿದ ಮರುದಿನ ಅಕ್ಕ ಮಾರಂಡಹಳ್ಳಿಯಿಂದ ಬಂದಳು. ಹಬ್ಬದ ಹಾಗೆ ಅಡುಗೆ. ತಾಯಿ ಮಗಳು ಒಂದೇ ಅಡುಗೆಮನೆಯಲ್ಲಿ ಇದ್ದರೂ ಇನ್ನೂ ಮಾತಿರಲಿಲ್ಲ, ಬೇಕಾದ್ದನ್ನು ಕೈ ತೋರಿಸಿ ಕೇಳುತ್ತಿದ್ದರು. ಹೆಂಡತಿ ಹುಳಿ ಮಾಡಿದಳು, ಅಕ್ಕ ಮೀನು ಮಾಡಿದಳು. ಬಾಳೆಲೆ ಹಾಕಿ ನನ್ನನ್ನು ಕೂರಿಸಿ ಇಬ್ಬರೂ ಎದುರು ನಿಂತರು. ನಾನು ಅನ್ನಕ್ಕೆ ಹುಳಿ ಕಲಸಿ ಬಾಯಿಗಿಟ್ಟೆ. ನಾಲಿಗೆ ಉರಿದುಹೋಯಿತು. ಉಪ್ಪೋ ಉಪ್ಪು. ಮೀನು ಮುಟ್ಟಿದೆ, ಅದು ಇನ್ನೂ ಹೆಚ್ಚು. ಲೋಟದ ನೀರೆಲ್ಲ ಕುಡಿದು, “ಒಂದ್ ಚೂರು ಸಪ್ಪೆ ಅನ್ನ ಐತಾ?” ಎಂದು ಕೇಳಿದೆ.

ಅಕ್ಕ ಮಗಳ ಮುಖ ನೋಡಿದಳು, ಮಗಳು ಅವ್ವನ ಮುಖ ನೋಡಿದಳು.

“ಕೇಳ್ದ್ಯೇನವ್ವಾ, ನಿನ್ ತಮ್ಮ ಏನಂದ ಅಂತ?” ಎಂದಳು ನನ್ನ ಹೆಂಡತಿ.

“ಕೇಳ್ದೆ ಕಣೆ. ಇವ್ನಿಗ್ ಮಾಡಿದ್ದೆಲ್ಲ ಒಳೇಲಿ ಉಣ್ಸೆಹಣ್ ತೊಳ್ದಂಗೆ. ನೀನ್ ಎಂಗೆ ಬಾಳ್ತೀಯೋ ಇವ್ನ್ ಜೊತೆ” ಎಂದಳು ಅಕ್ಕ.

ಆಮೇಲೆ ಇಬ್ಬರೂ ನನ್ನ ಎಲೆಯನ್ನು ಹಾಗೇ ಬಿಟ್ಟು ಅಡುಗೆಮನೆಗೆ ಹೋಗಿ, ಒಟ್ಟಿಗೆ ಕೂತು ಉಣ್ಣುತ್ತ ನನ್ನ ವಿಷಯವಾಗಿ ಬಹಳ ಹೊತ್ತು ಮಾತಾಡಿದರು.